ಎಂಎಸ್ ಚಿಕಿತ್ಸೆ ಶುರುವಾದ ಮೇಲೆ: ಯಾವ ಟೆಸ್ಟ್ ಯಾವ ಪ್ರಶ್ನೆಗೆ?

ಎಂಎಸ್‌ಗೆ, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ, ಔಷಧಿ ಶುರುವಾಗಿದೆ. ರಕ್ತದ ರಿಪೋರ್ಟ್ ಕೈಗೆ ಬಂದಿದೆ. ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಅನ್ನುವ ಸಾಲಿನ ಪಕ್ಕದಲ್ಲಿ ಕೆಳಮುಖದ ಕೆಂಪು ಬಾಣ. ಅದೇ ವಾರ ತೆಗೆಸಿದ ಎಂಆರ್‌ಐ ರಿಪೋರ್ಟ್‌ನಲ್ಲಿ ಹೊಸ ಕಲೆಗಳಿಲ್ಲ ಎಂದಿದೆ. ಒಂದು ಕಾಗದ ಹೆದರಿಸುತ್ತದೆ, ಇನ್ನೊಂದು ಸಮಾಧಾನ ಹೇಳುತ್ತದೆ. ಯಾವುದನ್ನು ನಂಬಬೇಕು?

ಎರಡನ್ನೂ ನಂಬಬಹುದು. ಅವು ಉತ್ತರ ಕೊಡುತ್ತಿರುವ ಪ್ರಶ್ನೆಗಳೇ ಬೇರೆ. ಫಿಂಗೊಲಿಮಾಡ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಆ ಬಾಣ ಕೆಳಗೆ ಇರಲೇಬೇಕು, ಆ ಔಷಧಿ ಕೆಲಸ ಮಾಡುವ ರೀತಿಯೇ ಹಾಗೆ. ಅದೇ ಬಾಣ ಡೈಮೀಥೈಲ್ ಫ್ಯುಮರೇಟ್ ತೆಗೆದುಕೊಳ್ಳುವವರಲ್ಲಿ ತಿಂಗಳುಗಟ್ಟಲೆ ಕೆಳಗೇ ನಿಂತರೆ ಔಷಧಿ ಬದಲಿಸುವ ಮಾತು ಬರುತ್ತದೆ. ನಟಾಲಿಜುಮಾಬ್ ಡ್ರಿಪ್ ಹಾಕಿಸಿಕೊಳ್ಳುವವರಲ್ಲಿ ಲಿಂಫೋಸೈಟ್ ಕಡಿಮೆಯಾಗುವ ಬದಲು ಏರುತ್ತದೆ. ಒಂದೇ ಸಾಲು, ಮೂರು ಅರ್ಥ. ಟೆಸ್ಟ್‌ಗಳನ್ನು ಹೋಲಿಸುವಾಗ ನಾನು ಇದನ್ನೇ ಮೊದಲು ಹೇಳುವುದು. ಔಷಧಿಯ ಹೆಸರು ಗೊತ್ತಿಲ್ಲದೆ ಈ ಅಂಕಿಗಳನ್ನು ಓದಲು ಹೋಗಬೇಡಿ.

ಬೇಲಿಯ ಲೆಕ್ಕ, ಹೊಲದ ಲೆಕ್ಕ

ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುತ್ತೇವಲ್ಲ, ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಅದಕ್ಕಿಂತ ಹತ್ತಿರದ ಮಾತು ನನಗೆ ಸಿಕ್ಕಿಲ್ಲ. ಕಾಯಬೇಕಾದ ರೋಗನಿರೋಧಕ ಕಣಗಳೇ ಮಿದುಳು, ಬೆನ್ನುಹುರಿ, ಕಣ್ಣಿನ ನರಗಳ ಒಳಗೆ ನುಗ್ಗುತ್ತವೆ. ನರತಂತುಗಳ ಮೇಲಿರುವ ಮೈಲಿನ್ ಹೊದಿಕೆಯನ್ನು ಹರಿಯುತ್ತವೆ. ಹೊದಿಕೆಯ ಜೊತೆಗೆ ಒಳಗಿನ ತಂತುವೂ ಅಲ್ಲಲ್ಲಿ ತುಂಡಾಗುತ್ತದೆ. ಹೊದಿಕೆ ಸ್ವಲ್ಪ ಮಟ್ಟಿಗೆ ಮತ್ತೆ ಬೆಳೆಯಬಹುದು. ತುಂಡಾದ ತಂತು ಮಾತ್ರ ವಾಪಸ್ ಬರುವುದಿಲ್ಲ.

ಇವತ್ತಿರುವ ಔಷಧಿಗಳು ಹೆಚ್ಚುಕಡಿಮೆ ಎಲ್ಲವೂ ಬೇಲಿಯನ್ನು ಹದ್ದುಬಸ್ತಿನಲ್ಲಿಡುವ ಔಷಧಿಗಳು. ಆದ್ದರಿಂದ ಮಾರ್ಕರ್‌ಗಳಲ್ಲೂ, ಅಂದರೆ ಟೆಸ್ಟ್‌ನಲ್ಲಿ ಅಳೆಯುವ ಗುರುತುಗಳಲ್ಲೂ, ಎರಡು ಗುಂಪು. ಒಂದು ಬೇಲಿಯ ಲೆಕ್ಕ: ಲಿಂಫೋಸೈಟ್, ಅದರದೇ ಒಂದು ಬಗೆಯಾದ ಬಿ ಕಣಗಳು, ಐಜಿಜಿ ಎಂಬ ಪ್ರತಿಕಾಯ, ಜೆಸಿ ವೈರಸ್ ಸೂಚ್ಯಂಕ ಇತ್ಯಾದಿ. ಇನ್ನೊಂದು ಹೊಲದ ಲೆಕ್ಕ: ನ್ಯೂರೋಫಿಲಮೆಂಟ್, ಜಿಎಫ್‌ಎಪಿ, ಎಂಆರ್‌ಐ, ಕಣ್ಣಿನ ಓಸಿಟಿ ಸ್ಕ್ಯಾನ್, ಕೊನೆಗೆ ನೀವು ಎಷ್ಟು ಬೇಗ ನಡೆಯುತ್ತೀರಿ ಅನ್ನುವುದು.

ಗೊಂದಲ ಎಲ್ಲಾಗುತ್ತದೆ ಅಂದರೆ, ಜನ ಬೇಲಿಯ ಲೆಕ್ಕ ನೋಡಿ ಹೊಲದ ಬಗ್ಗೆ ತೀರ್ಮಾನ ಮಾಡುತ್ತಾರೆ. 'ಬಿ ಕಣ ಸೊನ್ನೆ, ಹಾಗಾದರೆ ಕಾಯಿಲೆಯೂ ನಿಂತಿದೆ.' ಅಥವಾ 'ಬಿ ಕಣ ವಾಪಸ್ ಬಂತು, ಇನ್ನೇನು ಅಟ್ಯಾಕ್ ಬರುತ್ತದೆ.' ಎರಡೂ ಅವಸರದ ಮಾತು.

ಔಷಧಿ ತನ್ನ ಕೆಲಸ ಮಾಡಿದೆಯೇ, ಅತಿಯಾಗಿ ಮಾಡಿದೆಯೇ?

ಬೇಲಿಯ ಟೆಸ್ಟ್‌ಗಳು ಈ ಎರಡು ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುತ್ತವೆ. ಬೇರೆ ಪ್ರಶ್ನೆ ಕೇಳಿದರೆ ತಡವರಿಸುತ್ತವೆ.

ಲಿಂಫೋಸೈಟ್ ಲೆಕ್ಕ ಎಲ್ಲಕ್ಕಿಂತ ಸುಲಭದ್ದು. ಮಾಮೂಲಿ ರಕ್ತ ಪರೀಕ್ಷೆಯಲ್ಲೇ ಬರುತ್ತದೆ. ಫಿಂಗೊಲಿಮಾಡ್ ಈ ಕಣಗಳನ್ನು ಕೊಲ್ಲುವುದಿಲ್ಲ, ದುಗ್ಧರಸ ಗ್ರಂಥಿಗಳಲ್ಲೇ (ಲಿಂಫ್ ನೋಡ್) ಕೂಡಿ ಹಾಕುತ್ತದೆ. ರಕ್ತದಲ್ಲಿ ಸಿಗುವುದು ಮೊದಲಿದ್ದ ಸಂಖ್ಯೆಯ ಕಾಲು ಭಾಗದಷ್ಟು. ಅದು ಮೈಕ್ರೋಲೀಟರಿಗೆ 200ಕ್ಕಿಂತ ಕೆಳಗೆ ಹೋದರೆ ಮಾತ್ರ ಔಷಧಿ ತಡೆಹಿಡಿಯುವ ಯೋಚನೆ ಬರುತ್ತದೆ. 400 ಇದ್ದವರಿಗಿಂತ 600 ಇದ್ದವರಿಗೆ ಔಷಧಿ ಕಡಿಮೆ ಹಿಡಿದಿದೆ ಅನ್ನಲು ಆಧಾರವಿಲ್ಲ. ಇಲ್ಲಿ ಈ ಲೆಕ್ಕ ಸುರಕ್ಷತೆಗೆ, ಪರಿಣಾಮ ಅಳೆಯುವುದಕ್ಕಲ್ಲ.

ಡೈಮೀಥೈಲ್ ಫ್ಯುಮರೇಟ್‌ನ ಕಥೆ ಬೇರೆ. ಮೊದಲ ವರ್ಷದಲ್ಲಿ ಲಿಂಫೋಸೈಟ್ ಸರಾಸರಿ ಶೇ 30ರಷ್ಟು ಇಳಿದು ಅಲ್ಲಿಗೇ ನಿಲ್ಲುತ್ತದೆ. ಕೆಲವರಲ್ಲಿ ನಿಲ್ಲುವುದಿಲ್ಲ. 500ಕ್ಕಿಂತ ಕೆಳಗೆ ಇಳಿದು ಆರು ತಿಂಗಳಿಗೂ ಜಾಸ್ತಿ ಅಲ್ಲೇ ಇದ್ದರೆ ಪಿಎಂಎಲ್ ಎಂಬ ಮಿದುಳಿನ ಸೋಂಕಿನ ಭಯ ಇರುತ್ತದೆ. ಆಗ ಔಷಧಿ ನಿಲ್ಲಿಸುವ ಮಾತು ಬರುತ್ತದೆ. ಇದರಲ್ಲಿ ಲಿಂಫೋಸೈಟ್‌ನ ಒಳವಿಭಾಗಗಳಾದ ಸಿಡಿ8, ಸಿಡಿ4 ಕಣಗಳ ಪೈಕಿ ಸಿಡಿ8 ಹೆಚ್ಚು ಕುಸಿಯುತ್ತವೆ. ಅದಕ್ಕೇ ಒಟ್ಟು ಲೆಕ್ಕ ಗಡಿಯಲ್ಲಿ ಇದ್ದಾಗ ಕೆಲವು ನ್ಯೂರಾಲಜಿಸ್ಟ್‌ಗಳು ಒಳವಿಭಾಗಗಳನ್ನೂ ಎಣಿಸಲು ಹೇಳುತ್ತಾರೆ. ಕ್ಲಾಡ್ರಿಬಿನ್ ಮಾತ್ರೆಯವರಿಗೆ ಎರಡನೇ ವರ್ಷದ ಕೋರ್ಸ್ ಶುರು ಮಾಡುವ ಮೊದಲು 800 ಮುಟ್ಟಿರಬೇಕು. ಮುಟ್ಟದಿದ್ದರೆ ಕಾಯಬೇಕು.

ಈಗ ಬಿ ಕಣಗಳು. ಓಕ್ರೆಲಿಜುಮಾಬ್, ಒಫಾಟುಮುಮಾಬ್, ರಿಟುಕ್ಸಿಮಾಬ್, ಈ ಮೂರೂ ಸಿಡಿ20 ಎಂಬ ಗುರುತು ಹೊತ್ತ ಕಣಗಳನ್ನು ಖಾಲಿ ಮಾಡುತ್ತವೆ. ಲ್ಯಾಬ್‌ನಲ್ಲಿ ಎಣಿಸುವುದು ಮಾತ್ರ ಸಿಡಿ19 ಗುರುತು ಇರುವ ಕಣಗಳನ್ನು. ಔಷಧಿ ಸಿಡಿ20ರ ಮೇಲೇ ಹೋಗಿ ಕೂರುವುದರಿಂದ ಅದನ್ನು ಎಣಿಸಿದರೆ ತಪ್ಪು ಲೆಕ್ಕ ಸಿಗುತ್ತದೆ. ಓಕ್ರೆಲಿಜುಮಾಬ್‌ನ ಮೊದಲ ಡ್ರಿಪ್ ಆಗಿ ಎರಡು ವಾರದೊಳಗೆ ಇವು ಬಹುಪಾಲು ಮಾಯವಾಗಿರುತ್ತವೆ. ಆದರೂ ಮಾಮೂಲಿ ರಿಪೋರ್ಟ್‌ನಲ್ಲಿ ಲಿಂಫೋಸೈಟ್ ಸರಿಯಾಗೇ ಕಾಣಬಹುದು. ಒಟ್ಟು ಲಿಂಫೋಸೈಟ್‌ಗಳಲ್ಲಿ ಬಿ ಕಣಗಳ ಪಾಲು ಚಿಕ್ಕದು, ಅದೇ ಕಾರಣ. ಅಂದರೆ ಈ ಔಷಧಿಯವರು ಲಿಂಫೋಸೈಟ್ ಸಾಲು ನೋಡಿ 'ಔಷಧಿ ಹತ್ತಲೇ ಇಲ್ಲ' ಅಂದುಕೊಳ್ಳಬಾರದು.

ಹಾಗಾದರೆ ಸಿಡಿ19 ಎಣಿಸುತ್ತಲೇ ಇರಬೇಕಾ? ನಿಗದಿತ ಅಂತರದಲ್ಲಿ ಡ್ರಿಪ್ ತೆಗೆದುಕೊಳ್ಳುತ್ತಾ ಇದ್ದರೆ ಪದೇ ಪದೇ ಎಣಿಸಿ ಸಿಗುವ ಲಾಭ ಕಡಿಮೆ. ಸೊನ್ನೆ, ಮತ್ತೆ ಸೊನ್ನೆ, ಮತ್ತೆ ಸೊನ್ನೆ. ಎರಡು ಡ್ರಿಪ್‌ಗಳ ಅಂತರ ಹೆಚ್ಚಿಸುವ ಯೋಚನೆ ಇದ್ದಾಗ, ಡ್ರಿಪ್ ತಪ್ಪಿದಾಗ, ಔಷಧಿ ಬದಲಿಸುವಾಗ, ಲಸಿಕೆ ಹಾಕಿಸುವ ಸಮಯ ನೋಡುವಾಗ ಇದು ಬೆಲೆಬಾಳುತ್ತದೆ. ಕೊನೆಯ ಓಕ್ರೆಲಿಜುಮಾಬ್ ಡ್ರಿಪ್ ಆದ ಮೇಲೆ ಅರ್ಧದಷ್ಟು ಜನರಲ್ಲಿ ಬಿ ಕಣಗಳು ಮೊದಲಿನ ಮಟ್ಟಕ್ಕೆ ಬರಲು ಸುಮಾರು 72 ವಾರ ಹಿಡಿಯುತ್ತದೆ. ಮೊದಲು ಬರುವುದು ಎಳೆಯ ಕಣಗಳು. ಸಿಡಿ27 ಗುರುತಿರುವ ನೆನಪಿನ ಬಿ ಕಣಗಳು ನಿಧಾನವಾಗಿ ಬರುತ್ತವೆ, ಎಂಎಸ್‌ನಲ್ಲಿ ಸಂಶಯದ ಕಣ್ಣು ಇರುವುದು ಇವುಗಳ ಮೇಲೆ. ಎರಡನ್ನೂ ಒಟ್ಟಿಗೆ ಎಣಿಸಿ ಬಂದ ಅಂಕಿಗೆ ಹೆದರಬೇಕಿಲ್ಲ.

ಇದೇ ಔಷಧಿಗಳಲ್ಲಿ ನಾನು ಬಿಡಬೇಡಿ ಅನ್ನುವ ಟೆಸ್ಟ್ ಐಜಿಜಿ. ಪ್ರತಿಕಾಯ ಮಾಡುವ ಪ್ಲಾಸ್ಮಾ ಕಣಗಳಿಗೆ ಸಿಡಿ20 ಗುರುತು ಇರುವುದಿಲ್ಲ, ಆದ್ದರಿಂದ ಔಷಧಿ ಅವನ್ನು ನೇರವಾಗಿ ಮುಟ್ಟುವುದಿಲ್ಲ. ಹಳೆಯ ಪ್ರತಿಕಾಯಗಳು ಉಳಿಯುತ್ತವೆ. ಆದರೆ ಹೊಸ ಪ್ಲಾಸ್ಮಾ ಕಣ ಹುಟ್ಟಬೇಕಾದದ್ದು ಬಿ ಕಣದಿಂದಲೇ ಅಲ್ವಾ? ವರ್ಷಗಳು ಕಳೆದಂತೆ ಕೆಲವರಲ್ಲಿ ಐಜಿಜಿ ಮೆಲ್ಲಗೆ ಜಾರುತ್ತದೆ, ಸೋಂಕುಗಳು ಜಾಸ್ತಿಯಾಗುತ್ತವೆ. ಔಷಧಿ ಶುರು ಮಾಡುವ ಮೊದಲೇ ಒಮ್ಮೆ ನೋಡಿಸಿ ಇಟ್ಟುಕೊಂಡರೆ ಮುಂದೆ ಹೋಲಿಸಲು ಒಂದು ಅಂಕಿ ಇರುತ್ತದೆ. ಅದಿಲ್ಲದೆ ಐದನೇ ವರ್ಷ 'ಇದು ಮೊದಲಿನಿಂದ ಹೀಗೇ ಇತ್ತಾ?' ಎಂದು ಕೇಳಿಕೊಳ್ಳುವ ಪರಿಸ್ಥಿತಿ ಬರುತ್ತದೆ. ಹೆಪಟೈಟಿಸ್ ಬಿ ಪರೀಕ್ಷೆಯೂ ಶುರುವಿಗೆ ಮೊದಲೇ ಆಗಬೇಕು, ಇದರಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ.

ನಟಾಲಿಜುಮಾಬ್‌ನವರಿಗೆ ಎಲ್ಲಕ್ಕಿಂತ ಮುಖ್ಯ ಜೆಸಿ ವೈರಸ್ ಪ್ರತಿಕಾಯದ ಸೂಚ್ಯಂಕ. ರೋಗನಿರೋಧಕ ಕಣಗಳು ಮಿದುಳಿಗೆ ದಾಟುವ ಬಾಗಿಲನ್ನು ಈ ಔಷಧಿ ಮುಚ್ಚುತ್ತದೆ. ರಕ್ತದಲ್ಲಿ ಲಿಂಫೋಸೈಟ್ ಏರುವುದೂ ಇದೇ ಕಾರಣಕ್ಕೆ. ಬಾಗಿಲು ಮುಚ್ಚಿದಾಗ ಕಳ್ಳನ ಜೊತೆ ಪೊಲೀಸನೂ ಹೊರಗೇ ಉಳಿಯುತ್ತಾನೆ. ಮಿದುಳಿನಲ್ಲಿ ಜೆಸಿ ವೈರಸ್ ತಲೆ ಎತ್ತಿದರೆ ಪಿಎಂಎಲ್. 2005ರಲ್ಲಿ ಈ ಔಷಧಿಯನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡು, 2006ರಲ್ಲಿ ಕಟ್ಟುನಿಟ್ಟಿನ ನಿಗಾ ಇಟ್ಟು ಮತ್ತೆ ತಂದದ್ದು ಇದರಿಂದಲೇ. ಸೂಚ್ಯಂಕ 0.9ರವರೆಗೆ ಇದ್ದರೆ ಅಪಾಯ ಕಡಿಮೆ, 1.5 ದಾಟಿದರೆ ಜಾಸ್ತಿ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಔಷಧಿ ಪಡೆದಿದ್ದರೆ, ಮೊದಲು ನಿರೋಧಕ ಶಕ್ತಿ ಕುಗ್ಗಿಸುವ ಬೇರೆ ಔಷಧಿ ತೆಗೆದುಕೊಂಡಿದ್ದರೆ ಇನ್ನೂ ಜಾಸ್ತಿ. ನೆಗೆಟಿವ್ ಬಂದವರೂ ಆರು ತಿಂಗಳಿಗೊಮ್ಮೆ ಮತ್ತೆ ಮಾಡಿಸಬೇಕು, ಏಕೆಂದರೆ ಇಂದಿನ ನೆಗೆಟಿವ್ ನಾಳೆ ಬದಲಾಗಬಹುದು. ಕಾಯಿಲೆ ಹತೋಟಿಯಲ್ಲಿದೆಯೇ ಎಂದು ಈ ಅಂಕಿ ಒಂದಕ್ಷರವೂ ಹೇಳುವುದಿಲ್ಲ, ನೆನಪಿರಲಿ.

ಇಂಟರ್‌ಫೆರಾನ್ ಬೀಟಾ 1993ರಿಂದ ಬಳಕೆಯಲ್ಲಿರುವ ಹಳೆಯ ಔಷಧಿ. ಅದಕ್ಕೆ ಒಂದು ಚೆಂದದ ಟೆಸ್ಟ್ ಜೋಡಿ ಇದೆ. ದೇಹ ಔಷಧಿಯನ್ನೇ ನಿಷ್ಕ್ರಿಯ ಮಾಡುವ ಪ್ರತಿಕಾಯ ಬೆಳೆಸಿಕೊಂಡಿದೆಯೇ ಎಂಬುದು ಒಂದು. ಎಂಎಕ್ಸ್‌ಎ ಎಂಬ ಪ್ರೋಟೀನ್ ಏರಿದೆಯೇ ಎಂಬುದು ಇನ್ನೊಂದು. ಇಂಟರ್‌ಫೆರಾನ್ ಮೈಯಲ್ಲಿ ಕೆಲಸ ಮಾಡುತ್ತಿದ್ದರೆ ಎಂಎಕ್ಸ್‌ಎ ಏರಲೇಬೇಕು. ಏರದಿದ್ದರೆ ಇಂಜೆಕ್ಷನ್ ಚುಚ್ಚಿಕೊಂಡದ್ದೆಲ್ಲ ದಂಡ. 'ಔಷಧಿ ಕೆಲಸ ಮಾಡುತ್ತಿದೆಯೇ' ಎಂಬ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರಿಸುವ ಟೆಸ್ಟ್ ಹೊಸ ಔಷಧಿಗಳಲ್ಲೂ ಅಪರೂಪ.

ನ್ಯೂರೋಫಿಲಮೆಂಟ್ ಮತ್ತು ಎಂಆರ್‌ಐ: ನಿಜವಾದ ಪೈಪೋಟಿ ಇಲ್ಲಿ

ನರತಂತುವಿನ ಒಳಗೆ ಅದನ್ನು ಎತ್ತಿ ಹಿಡಿಯುವ ಸಣ್ಣ ಸಣ್ಣ ಕಂಬಗಳಿರುತ್ತವೆ. ಅವುಗಳ ಒಂದು ಭಾಗದ ಹೆಸರು ನ್ಯೂರೋಫಿಲಮೆಂಟ್ ಲೈಟ್ ಚೈನ್, ಚಿಕ್ಕದಾಗಿ ಎನ್‌ಎಫ್‌ಎಲ್. ತಂತು ಮುರಿದಾಗ ಇದು ಬೆನ್ನುಹುರಿಯ ನೀರಿಗೆ ಸೋರುತ್ತದೆ, ಅಲ್ಲಿಂದ ಚೂರುಪಾರು ರಕ್ತಕ್ಕೆ ಬರುತ್ತದೆ. ಆ ಚೂರು ಎಷ್ಟು ಸಣ್ಣದೆಂದರೆ ಅಳೆಯುವುದು ಪಿಕೋಗ್ರಾಂ ಲೆಕ್ಕದಲ್ಲಿ. ಒಂದು ಗ್ರಾಂ ಅನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೋಗ್ರಾಂ. ಒಂದೊಂದೇ ಅಣುವನ್ನು ಗುರುತಿಸುವ ಸಿಮೋವಾ ತರಹದ ತಂತ್ರ ಬರುವವರೆಗೆ ಇದನ್ನು ರಕ್ತದಲ್ಲಿ ನಂಬಿಕೆಯಿಂದ ಅಳೆಯಲು ಆಗುತ್ತಿರಲಿಲ್ಲ, ಬೆನ್ನಿಗೆ ಸೂಜಿ ಹಾಕಲೇಬೇಕಿತ್ತು.

ಎಂಆರ್‌ಐ ಜೊತೆ ಹೋಲಿಸಿದರೆ ಇದರ ಗುಣ ಏನು? ಎಂಆರ್‌ಐ ಫೋಟೋ ಇದ್ದ ಹಾಗೆ. ಗಾಯ ಎಲ್ಲಿದೆ, ಎಷ್ಟಿದೆ, ಹಳೆಯದೋ ಹೊಸದೋ ತೋರಿಸುತ್ತದೆ. ಎನ್‌ಎಫ್‌ಎಲ್ ಹೊಗೆ ಇದ್ದ ಹಾಗೆ. ಎಲ್ಲೋ ಉರಿಯುತ್ತಿದೆ ಎಂದು ಹೇಳುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ಹೊಸ ಕಲೆ ಮೂಡಿದಾಗ, ರಿಲ್ಯಾಪ್ಸ್ (ಕಾಯಿಲೆಯ ಹೊಸ ಅಟ್ಯಾಕ್) ಆದಾಗ ಇದು ಏರುತ್ತದೆ. ಇಳಿಯಲು ಎರಡು ಮೂರು ತಿಂಗಳು ಬೇಕು. ಪರಿಣಾಮಕಾರಿ ಔಷಧಿ ಶುರು ಮಾಡಿದರೆ ಮುಂದಿನ ತಿಂಗಳುಗಳಲ್ಲಿ ನಿಧಾನಕ್ಕೆ ಇಳಿಯುತ್ತದೆ, ನಟಾಲಿಜುಮಾಬ್ ಮತ್ತು ಸಿಡಿ20 ಔಷಧಿಗಳಲ್ಲಿ ಹೆಚ್ಚು ಇಳಿಯುತ್ತದೆ. ಅಮೆರಿಕದ ಸೈನಿಕರ ಶೇಖರಿಸಿಟ್ಟ ರಕ್ತವನ್ನು ನೋಡಿದಾಗ, ಮುಂದೆ ಎಂಎಸ್ ಬಂದವರಲ್ಲಿ ಮೊದಲ ಲಕ್ಷಣ ಕಾಣುವುದಕ್ಕೆ ಸುಮಾರು ಆರು ವರ್ಷ ಮುಂಚೆಯೇ ಇದು ಏರಿತ್ತು. ಅಂದರೆ ಲಕ್ಷಣಕ್ಕಿಂತ ಮೊದಲೇ ಹೊಗೆ ಎದ್ದಿರುತ್ತದೆ.

ಇಷ್ಟು ಕೇಳಿದ ಮೇಲೆ ಎಲ್ಲರೂ ತಿಂಗಳಿಗೊಮ್ಮೆ ಮಾಡಿಸೋಣ ಅನ್ನುತ್ತಾರೆ. ಸ್ವಲ್ಪ ತಡೆಯಿರಿ.

ಎನ್‌ಎಫ್‌ಎಲ್‌ಗೆ ಎಂಎಸ್‌ನ ಪರಿಚಯವಿಲ್ಲ. ತಂತು ಯಾವ ಕಾರಣಕ್ಕೆ ಮುರಿದರೂ ಏರುತ್ತದೆ: ತಲೆಗೆ ಪೆಟ್ಟು, ಸ್ಟ್ರೋಕ್, ಕೈಕಾಲಿನ ನರದ ತೊಂದರೆ. ವಯಸ್ಸಾದಂತೆ ಎಲ್ಲರಲ್ಲೂ ಏರುತ್ತದೆ. ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದಿದ್ದರೆ ಏರುತ್ತದೆ. ಮೈತೂಕ ಜಾಸ್ತಿ ಇರುವವರಲ್ಲಿ ಕಡಿಮೆ ಕಾಣುತ್ತದೆ. ಆದ್ದರಿಂದ 30 ವರ್ಷದವರ 12 ಪಿಕೋಗ್ರಾಂ ಮತ್ತು 65 ವರ್ಷದವರ 12 ಪಿಕೋಗ್ರಾಂ ಒಂದೇ ಅಲ್ಲ. ಒಂದು ಕಂಪನಿಯ ಯಂತ್ರದ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸುವಂತೆಯೂ ಇಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಝಡ್ ಸ್ಕೋರ್. ನಿಮ್ಮ ವಯಸ್ಸು, ಮೈತೂಕದ ಅಳತೆ ನೋಡಿ, ಅಂಥದೇ ಆರೋಗ್ಯವಂತರಿಗಿಂತ ನೀವು ಎಷ್ಟು ಮೇಲಿದ್ದೀರಿ ಎಂದು ಇದು ಹೇಳುತ್ತದೆ. ಸಾವಿರಾರು ಆರೋಗ್ಯವಂತರ ಅಂಕಿಗಳ ಮೇಲೆ ನಿಂತ ಇಂಥ ಲೆಕ್ಕ 2022ರಲ್ಲಿ ಪ್ರಕಟವಾಯಿತು. 1.5ಕ್ಕಿಂತ ಮೇಲಿದ್ದವರಲ್ಲಿ, ಮೇಲ್ನೋಟಕ್ಕೆ ಕಾಯಿಲೆ ಶಾಂತವಾಗಿದ್ದರೂ, ಮುಂದಿನ ದಿನಗಳಲ್ಲಿ ಅದು ಕೆರಳುವ ಸಾಧ್ಯತೆ ಹೆಚ್ಚಿತ್ತು. ನಿಮ್ಮ ಲ್ಯಾಬ್ ಬರೀ ಪಿಕೋಗ್ರಾಂ ಕೊಟ್ಟು ಝಡ್ ಸ್ಕೋರ್ ಅಥವಾ ಪರ್ಸೆಂಟೈಲ್ ಕೊಡದಿದ್ದರೆ ಕೇಳಿ ಪಡೆಯಿರಿ. ಅದಿಲ್ಲದ ರಿಪೋರ್ಟ್ ಅರ್ಧ ರಿಪೋರ್ಟ್.

ಎಂಆರ್‌ಐಗೂ ತನ್ನದೇ ಕುಂದುಗಳಿವೆ. ಔಷಧಿ ಶುರು ಮಾಡಿದ ಮೂರರಿಂದ ಆರು ತಿಂಗಳಲ್ಲಿ ಒಂದು ಹೊಸ ಬುನಾದಿ ಸ್ಕ್ಯಾನ್ ತೆಗೆಸಬೇಕು. ಔಷಧಿ ಹತ್ತುವ ಮೊದಲೇ ಮೂಡಿದ ಕಲೆಗಳ ತಪ್ಪನ್ನು ಔಷಧಿಯ ಮೇಲೆ ಹೊರಿಸಬಾರದಲ್ಲ, ಅದಕ್ಕೆ. ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಆದಷ್ಟು ಅದೇ ಯಂತ್ರ, ಅದೇ ವಿಧಾನ ಇರಲಿ. ಬೇರೆ ಯಂತ್ರದಲ್ಲಿ ತೆಗೆಸಿದರೆ ಇಲ್ಲದ ಕಲೆ ಬಂದಂತೆಯೂ ಇದ್ದ ಕಲೆ ಹೋದಂತೆಯೂ ಕಾಣಬಹುದು. ಹೊಸ ಕಲೆ ಸ್ಕ್ಯಾನ್‌ನಲ್ಲಿ ಹೊಳೆಯಲೆಂದು ಕೊಡುವ ಗ್ಯಾಡೊಲಿನಿಯಂ ಇಂಜೆಕ್ಷನ್ ಪ್ರತಿ ಸಲವೂ ಬೇಕಿಲ್ಲ. ಹಿಂದಿನ ಸ್ಕ್ಯಾನ್ ಕೈಯಲ್ಲಿದ್ದರೆ ಹೊಸ ಕಲೆಗಳನ್ನು ಅದಿಲ್ಲದೆಯೂ ಹುಡುಕಬಹುದು. ಪದೇ ಪದೇ ಕೊಟ್ಟರೆ ಆ ಲೋಹದ ಅಂಶ ಮಿದುಳಿನಲ್ಲಿ ಉಳಿಯುತ್ತದೆ ಎಂದು ಗೊತ್ತಾದ ಮೇಲೆ ಎಲ್ಲರೂ ಕೈ ಬಿಗಿ ಮಾಡಿದ್ದಾರೆ. ಗರ್ಭಿಣಿಯರಲ್ಲಿ ಅದನ್ನು ಬಳಸದೆ ಇರಲು ನೋಡುತ್ತಾರೆ.

ಮಿದುಳು ಕುಗ್ಗುವ ಪ್ರಮಾಣವನ್ನೂ ಎಂಆರ್‌ಐಯಲ್ಲಿ ಅಳೆಯುತ್ತಾರೆ. ವರ್ಷಕ್ಕೆ ಶೇ 0.4 ಎಂಬ ಗಡಿಯನ್ನು ಸಂಶೋಧನೆಗಳಲ್ಲಿ ಬಳಸುತ್ತಾರೆ. ಒಬ್ಬ ವ್ಯಕ್ತಿಯ ಮಟ್ಟಿಗೆ ನನಗೆ ಈ ಅಂಕಿಯ ಮೇಲೆ ಅಷ್ಟು ವಿಶ್ವಾಸವಿಲ್ಲ. ಆ ದಿನ ನೀರು ಕಡಿಮೆ ಕುಡಿದಿದ್ದರೂ ಅಳತೆ ಅಲುಗಾಡುತ್ತದೆ. ಔಷಧಿ ಶುರುವಾದ ಮೊದಲ ವರ್ಷದಲ್ಲಿ ಊತ ಇಳಿಯುವುದರಿಂದಲೇ ಮಿದುಳು ಕುಗ್ಗಿದಂತೆ ಕಾಣುತ್ತದೆ. ಒಳ್ಳೆಯ ಸುದ್ದಿ ಕೆಟ್ಟ ವೇಷ ಹಾಕಿಕೊಂಡು ಬಂದ ಹಾಗೆ.

ಹಾಗಾದರೆ ಎರಡರಲ್ಲಿ ಒಂದನ್ನೇ ಆರಿಸುವುದಾದರೆ? ಎಂಆರ್‌ಐ. ಯೋಚನೆಯೇ ಬೇಡ. ಚಿಕಿತ್ಸೆಯ ನಿರ್ಧಾರಗಳೆಲ್ಲ ಅದರ ಮೇಲೇ ಕಟ್ಟಿವೆ, ನಟಾಲಿಜುಮಾಬ್‌ನವರಲ್ಲಿ ಪಿಎಂಎಲ್ ಬೇಗ ಹಿಡಿಯುವುದೂ ಅದೇ. ಎನ್‌ಎಫ್‌ಎಲ್ ಅದರ ಜಾಗಕ್ಕೆ ಬರುವುದಿಲ್ಲ, ಎರಡು ಸ್ಕ್ಯಾನ್‌ಗಳ ನಡುವಿನ ಖಾಲಿ ಜಾಗ ತುಂಬುತ್ತದೆ.

ಎರಡೂ ಜಗಳಕ್ಕೆ ನಿಂತಾಗ

ಎಂಆರ್‌ಐ ಶಾಂತ, ಎನ್‌ಎಫ್‌ಎಲ್ ಮೇಲೆ. ಮೊದಲು ಬೇರೆ ಕಾರಣ ಹುಡುಕಿ. ಹೋದ ತಿಂಗಳು ಬಿದ್ದು ತಲೆಗೆ ಪೆಟ್ಟಾಗಿತ್ತಾ? ಸಕ್ಕರೆ ಕಾಯಿಲೆಯಿಂದ ಪಾದ ಜುಮ್ಮೆನ್ನುತ್ತಿದೆಯಾ? ಮೂತ್ರಪಿಂಡದ ಲೆಕ್ಕ ಹೇಳುವ ಕ್ರಿಯಾಟಿನಿನ್ ಎಷ್ಟಿದೆ? ಇವೇನೂ ಇಲ್ಲದಿದ್ದರೆ ಎರಡು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಿ. ಆಗಲೂ ಮೇಲೇ ಇದ್ದರೆ ಸ್ಕ್ಯಾನ್ ಯಾವ ಭಾಗದ್ದು ಎಂದು ನೋಡಿ. ಬಹಳ ಸಲ ಮಿದುಳಿನದು ಮಾತ್ರ ತೆಗೆದಿರುತ್ತಾರೆ, ಬೆನ್ನುಹುರಿ ಬಿಟ್ಟುಹೋಗಿರುತ್ತದೆ. ಒಂದೇ ಒಂದು ಅಂಕಿ ನೋಡಿ ಔಷಧಿ ಬದಲಿಸುವುದು ನನಗೆ ಸರಿ ಕಾಣುವುದಿಲ್ಲ.

ಎಂಆರ್‌ಐಯಲ್ಲಿ ಹೊಸ ಕಲೆ, ಎನ್‌ಎಫ್‌ಎಲ್ ಮಾಮೂಲು. ಕಲೆಯನ್ನೇ ನಂಬಬೇಕು. ಅದು ಮೂಡಿ ಆರು ತಿಂಗಳಾಗಿ ಹೊಗೆ ಆರಿಹೋಗಿರಬಹುದು, ಅಥವಾ ಚಿಕ್ಕ ಕಲೆಯಾಗಿದ್ದು ಹೊಗೆಯೇ ಎದ್ದಿರಲಿಕ್ಕಿಲ್ಲ.

ಮೂರನೆಯದು ಕಷ್ಟದ್ದು. ಎರಡೂ ಶಾಂತ, ರಿಲ್ಯಾಪ್ಸ್ ಇಲ್ಲ, ಆದರೂ ಹೋದ ವರ್ಷ ಹತ್ತುತ್ತಿದ್ದ ಮೆಟ್ಟಿಲು ಈ ವರ್ಷ ಏರುವುದಕ್ಕೆ ಆಗುತ್ತಿಲ್ಲ. ರಿಲ್ಯಾಪ್ಸ್ ಇಲ್ಲದೆಯೇ ನಡೆಯುವ ಈ ಕುಸಿತಕ್ಕೆ ಪೀರಾ ಎಂಬ ಹೆಸರಿದೆ. ರಕ್ತದಿಂದ ಹೊಸ ಕಣಗಳು ನುಗ್ಗುತ್ತಿಲ್ಲ, ಒಳಗೇ ಸೇರಿಕೊಂಡ ಬೆಂಕಿ ಬೂದಿಯ ಅಡಿ ಕೆಂಡದ ಹಾಗೆ ಉಳಿದಿದೆ. ಜಿಎಫ್‌ಎಪಿ ಎಂಬ ಮಾರ್ಕರ್‌ನ ಮೇಲೆ ಆಸೆ ಇಟ್ಟಿರುವುದು ಇಲ್ಲೇ. ಇದು ನರತಂತುವಿನದಲ್ಲ, ನರಗಳಿಗೆ ಒತ್ತಾಸೆಯಾಗಿರುವ ಆಸ್ಟ್ರೋಸೈಟ್ ಕಣಗಳ ಪ್ರೋಟೀನ್. ಎನ್‌ಎಫ್‌ಎಲ್ ಹೊಸ ದಾಳಿಯ ಜೊತೆ ಹೆಚ್ಚು ಹೊಂದುತ್ತದೆ, ಜಿಎಫ್‌ಎಪಿ ನಿಧಾನದ ಕುಸಿತದ ಜೊತೆ. ಆದರೆ ಇದೂ ವಯಸ್ಸಿನ ಜೊತೆ ಏರುತ್ತದೆ, ಹೆಂಗಸರಲ್ಲಿ ಸ್ವಲ್ಪ ಜಾಸ್ತಿ ಇರುತ್ತದೆ. ದಿನನಿತ್ಯದ ನಿರ್ಧಾರಕ್ಕೆ ಬಳಸುವಷ್ಟು ಇನ್ನೂ ಹದಕ್ಕೆ ಬಂದಿಲ್ಲ. ಈಗಿರುವ ಔಷಧಿಗಳು ಈ ಅಂಕಿಯನ್ನು ಎನ್‌ಎಫ್‌ಎಲ್‌ನಷ್ಟು ಸಲೀಸಾಗಿ ಇಳಿಸುವುದೂ ಇಲ್ಲ. ಅದಕ್ಕೆ ಈಗಲೇ ಸ್ವಂತ ಹಣ ಹಾಕಿ ಮಾಡಿಸಿ ಅನ್ನಲಾರೆ.

ಈ ಮೂರನೇ ಸನ್ನಿವೇಶಕ್ಕೆ ಎಲ್ಲಕ್ಕಿಂತ ಒಳ್ಳೆಯ ಉಪಕರಣ ಸ್ಟಾಪ್‌ವಾಚ್. ನಗಬೇಡಿ. 25 ಅಡಿ, ಅಂದರೆ ಸುಮಾರು 7.6 ಮೀಟರ್ ದೂರವನ್ನು ಎಷ್ಟು ಸೆಕೆಂಡಿನಲ್ಲಿ ನಡೆಯುತ್ತೀರಿ, ಒಂಬತ್ತು ಕಡ್ಡಿಗಳನ್ನು ಒಂಬತ್ತು ತೂತಿಗೆ ಹಾಕಿ ತೆಗೆಯಲು ಎಷ್ಟು ಹೊತ್ತು ಬೇಕು ಎಂಬ ಎರಡು ಪರೀಕ್ಷೆಗಳು ಎಂಎಸ್‌ನ ಹಲವು ದೊಡ್ಡ ಔಷಧಿ ಪ್ರಯೋಗಗಳಲ್ಲಿ ಇರುತ್ತವೆ. ಶೇ 20ರಷ್ಟು ನಿಧಾನವಾದರೆ ಅದನ್ನು ನಿಜವಾದ ಬದಲಾವಣೆ ಎಂದೇ ಲೆಕ್ಕ ಹಾಕುತ್ತಾರೆ. ಸೂಜಿ ಬೇಡ, ಲ್ಯಾಬ್ ಬೇಡ. ಆದರೂ ಫೈಲಿನಲ್ಲಿ ಇದರ ಅಂಕಿಯೇ ಇರುವುದಿಲ್ಲ, ಇದು ನನಗೆ ಅರ್ಥವಾಗದ ವಿಷಯ.

ಕಣ್ಣಿನ ಸ್ಕ್ಯಾನ್, ಬೆನ್ನಿನ ನೀರು

ಓಸಿಟಿ ಅಂದರೆ ಕಣ್ಣಿನ ಹಿಂಪರದೆಯ ನರಪದರ ಎಷ್ಟು ದಪ್ಪ ಇದೆ ಎಂದು ಬೆಳಕಿನಿಂದ ಅಳೆಯುವುದು. ಎರಡು ನಿಮಿಷದ ಕೆಲಸ, ನೋವಿಲ್ಲ. ಹಿಂಪರದೆಯ ನರತಂತುಗಳಿಗೆ ಅಲ್ಲಿ ಮೈಲಿನ್ ಹೊದಿಕೆ ಇರುವುದಿಲ್ಲ, ಹಾಗಾಗಿ ತಂತುವಿನ ನಷ್ಟ ನೇರವಾಗಿ ಕಾಣುತ್ತದೆ. ಈ ಪದರ 87-88 ಮೈಕ್ರಾನ್ ಅಥವಾ ಅದಕ್ಕಿಂತ ತೆಳು ಇದ್ದವರಲ್ಲಿ ಮುಂದೆ ಅಂಗವೈಕಲ್ಯ ಹೆಚ್ಚುವ ಸಾಧ್ಯತೆ ಸುಮಾರು ದುಪ್ಪಟ್ಟು ಎಂದು 2016ರಲ್ಲಿ ಹಲವು ಕೇಂದ್ರಗಳ ಅಧ್ಯಯನ ತೋರಿಸಿತು. ಆದರೆ ಕಣ್ಣಿನ ನರದ ಉರಿಯೂತ ಒಮ್ಮೆ ಆಗಿಹೋದ ಕಣ್ಣನ್ನು ಈ ಲೆಕ್ಕದಿಂದ ಬಿಡಬೇಕು. ಅದು ಹಳೆಯ ಗಾಯದ ಕಥೆಯನ್ನೇ ಹೇಳುತ್ತಿರುತ್ತದೆ. ಎನ್‌ಎಫ್‌ಎಲ್ ಈಗಿನ ಸುದ್ದಿ ಹೇಳಿದರೆ, ಓಸಿಟಿ ಇಲ್ಲಿಯವರೆಗಿನ ಒಟ್ಟು ನಷ್ಟ ಹೇಳುತ್ತದೆ. ಗ್ಲಾಕೋಮಾ ಇದ್ದವರಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟ.

ಬೆನ್ನುಹುರಿಯ ನೀರಿನಲ್ಲಿ ಕಾಣುವ ಆಲಿಗೋಕ್ಲೋನಲ್ ಬ್ಯಾಂಡ್‌ಗಳು, ಕಪ್ಪಾ ಫ್ರೀ ಲೈಟ್ ಚೈನ್ ಎಂಬ ಪ್ರತಿಕಾಯದ ಗುರುತುಗಳು ರೋಗ ಪತ್ತೆಗೆ ಬಹಳ ಉಪಯೋಗ. ಬ್ಯಾಂಡ್‌ಗಳು ಹತ್ತರಲ್ಲಿ ಒಂಬತ್ತು ಎಂಎಸ್‌ ರೋಗಿಗಳಲ್ಲಿ ಇರುತ್ತವೆ. ಆದರೆ ಒಮ್ಮೆ ಬಂದರೆ ಹೋಗುವುದು ಅಪರೂಪ, ಔಷಧಿ ಚೆನ್ನಾಗಿ ಹಿಡಿದವರಲ್ಲೂ ಹಾಗೇ ಇರುತ್ತವೆ. ಚಿಕಿತ್ಸೆ ಹೇಗೆ ನಡೆದಿದೆ ಎಂದು ನೋಡಲು ಮತ್ತೆ ಬೆನ್ನಿಗೆ ಸೂಜಿ ಹಾಕಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಪಿಎಂಎಲ್ ಸಂಶಯ ಬಂದರೆ ಮಾತು ಬೇರೆ, ಆಗ ಆ ನೀರಿನಲ್ಲಿ ಜೆಸಿ ವೈರಸ್‌ನ ಡಿಎನ್‌ಎ ಹುಡುಕಬೇಕಾಗುತ್ತದೆ.

ಇಂಟರ್‌ಲ್ಯೂಕಿನ್ ಅದು ಇದು ಎಂದು ಉದ್ದ ಪಟ್ಟಿ ಕೊಡುವ ಸೈಟೊಕೈನ್ ಪ್ಯಾನೆಲ್‌ಗಳು? ಸುಮ್ನೆ ಖರ್ಚು. ಒಂದು ನೆಗಡಿ ಬಂದರೂ ಬದಲಾಗುವ ಅಂಕಿಗಳವು, ಅವನ್ನು ನೋಡಿ ಎಂಎಸ್‌ಗೆ ಯಾರೂ ಔಷಧಿ ಬದಲಿಸುವುದಿಲ್ಲ.

ನಿಮ್ಮ ಸ್ಥಿತಿ ಯಾವುದು?

ಔಷಧಿ ಈಗಷ್ಟೇ ಶುರುವಾಗುತ್ತಿದ್ದರೆ ದುಡ್ಡು, ಸಮಯ ಎರಡನ್ನೂ ಬುನಾದಿಗೆ ಹಾಕಿ. ಲಿಂಫೋಸೈಟ್, ಐಜಿಜಿ, ಹೆಪಟೈಟಿಸ್ ಬಿ, ಚಿಕನ್‌ಪಾಕ್ಸ್‌ನ ಪ್ರತಿಕಾಯ, ಮಿದುಳು ಮತ್ತು ಬೆನ್ನುಹುರಿಯ ಎಂಆರ್‌ಐ, ಸಿಗುವುದಾದರೆ ಒಂದು ಎನ್‌ಎಫ್‌ಎಲ್. ಲಸಿಕೆಗಳ ಲೆಕ್ಕವನ್ನೂ ಆಗಲೇ ಮುಗಿಸಬೇಕು, ಸಿಡಿ20 ಔಷಧಿ ಶುರುವಾದ ಮೇಲೆ ಲಸಿಕೆಗೆ ದೇಹ ಅಷ್ಟಾಗಿ ಸ್ಪಂದಿಸುವುದಿಲ್ಲ.

ವರ್ಷಗಳಿಂದ ಎಲ್ಲ ಶಾಂತವಾಗಿದ್ದರೆ ಔಷಧಿಗೆ ತಕ್ಕ ಸುರಕ್ಷತೆಯ ಟೆಸ್ಟ್‌ಗಳು, ವರ್ಷದ ಎಂಆರ್‌ಐ, ಸ್ಟಾಪ್‌ವಾಚ್ ಸಾಕು. ಎನ್‌ಎಫ್‌ಎಲ್ ಬೇಕಿದ್ದರೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಮಾಡಿಸಬಹುದು.

ಔಷಧಿ ನಿಲ್ಲಿಸುವ ಅಥವಾ ಬದಲಿಸುವ ಕಾಲದಲ್ಲಿ ನಿಗಾ ಜಾಸ್ತಿ ಬೇಕು. ಫಿಂಗೊಲಿಮಾಡ್, ನಟಾಲಿಜುಮಾಬ್ ಎರಡನ್ನೂ ನಿಲ್ಲಿಸಿದ ಕೆಲವು ತಿಂಗಳಲ್ಲಿ ಕಾಯಿಲೆ ಮೊದಲಿಗಿಂತ ಜೋರಾಗಿ ಮರಳುವುದುಂಟು. ಬೇಲಿಯ ಟೆಸ್ಟ್ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಹಳೆಯ ಔಷಧಿಯ ಪ್ರಭಾವ ಯಾವಾಗ ಇಳಿಯಿತು ಎಂದು ಲಿಂಫೋಸೈಟ್ ಹೇಳುತ್ತದೆ. ಕಾಯಿಲೆ ಎದ್ದಿದೆಯೇ ಎಂದು ಎಂಆರ್‌ಐ ಮತ್ತು ಎನ್‌ಎಫ್‌ಎಲ್ ಹೇಳುತ್ತವೆ. ನಾನು ಈ ಎರಡೂ ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಿ ಅನ್ನುವ ಏಕೈಕ ಸಂದರ್ಭ ಇದು.

ರಕ್ತ ಕೊಡುವ ಮೊದಲು

ಸ್ಟೆರಾಯ್ಡ್ ಡ್ರಿಪ್ ಆದ ಕೂಡಲೇ ಎಣಿಸಿದರೆ ಲಿಂಫೋಸೈಟ್ ಕಡಿಮೆ ಕಾಣುತ್ತದೆ, ಒಟ್ಟು ಬಿಳಿ ಕಣ ಜಾಸ್ತಿ ಕಾಣುತ್ತದೆ. ಆಗ ತೆಗೆದ ಎಂಆರ್‌ಐಯಲ್ಲಿ ಗ್ಯಾಡೊಲಿನಿಯಂನಿಂದ ಹೊಳೆಯಬೇಕಾದ ಕಲೆಯೂ ಹೊಳೆಯದೆ ಇರಬಹುದು. ಜ್ವರ, ಸೋಂಕು ಇದ್ದಾಗಲೂ ಸ್ವಲ್ಪ ದಿನ ಮುಂದೂಡುವುದು ವಾಸಿ. ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್ ಪಡೆದಿದ್ದರೆ ಮೊದಲೇ ಹೇಳಿ. ದಾನಿಗಳ ಪ್ರತಿಕಾಯಗಳು ನಿಮ್ಮ ರಕ್ತದಲ್ಲಿ ಇರುವುದರಿಂದ ಜೆಸಿ ವೈರಸ್ ಟೆಸ್ಟ್ ಸುಳ್ಳೇ ಪಾಸಿಟಿವ್ ಬರಬಹುದು.

ಇನ್ನೊಂದು ವಿಷಯ ಬಯೋಟಿನ್. ಕೂದಲಿಗೆ, ಉಗುರಿಗೆ ಎಂದು ಅಂಗಡಿಯಲ್ಲಿ ಸಿಗುವ ಅದೇ ವಿಟಮಿನ್. ಎಂಎಸ್‌ನ ನಿಧಾನದ ಕುಸಿತಕ್ಕೆ ಒಂದು ಕಾಲದಲ್ಲಿ ಇದನ್ನು ಭಾರೀ ಪ್ರಮಾಣದಲ್ಲಿ ಕೊಟ್ಟು ನೋಡಿದ್ದರು. ದೊಡ್ಡ ಪ್ರಯೋಗದಲ್ಲಿ ಫಲ ಕಾಣಲಿಲ್ಲ, ಆದರೂ ಕೆಲವರು ಇನ್ನೂ ನುಂಗುತ್ತಾರೆ. ಹಲವು ಲ್ಯಾಬ್ ಯಂತ್ರಗಳು ಬಯೋಟಿನ್ ಅಂಟುವ ಗುಣವನ್ನೇ ಬಳಸಿ ಅಳೆಯುತ್ತವೆ. ರಕ್ತದಲ್ಲಿ ಅದು ತುಂಬಿದ್ದರೆ ಥೈರಾಯ್ಡ್, ಹೃದಯದ ಟ್ರೋಪೋನಿನ್ ಮುಂತಾದ ಟೆಸ್ಟ್‌ಗಳ ಅಂಕಿ ತಪ್ಪಿ ಬರುತ್ತದೆ. 2017ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಅಲೆಮ್ಟುಜುಮಾಬ್ ಎಂಬ ಎಂಎಸ್ ಔಷಧಿ ಪಡೆದವರು ಕೊನೆಯ ಡ್ರಿಪ್ ಆದ ನಾಲ್ಕು ವರ್ಷದವರೆಗೂ ಥೈರಾಯ್ಡ್ ನೋಡಿಸುತ್ತಿರಬೇಕು. ಅವರು ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ಟೆಸ್ಟ್‌ಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂದು ಲ್ಯಾಬ್‌ನಲ್ಲಿ ಕೇಳಿಕೊಂಡೇ ರಕ್ತ ಕೊಡಬೇಕು.